ಮನೆಯಲ್ಲಿ ವಿದ್ಯುತ್ ಕಾರಿಗೆ ಎಂಥ ಚಾರ್ಜರು ಬೇಕು?

ವಿದ್ಯುತ್ ಕಾರನ್ನು ಕೊಳ್ಳುವವರು ಕಾರಿನ ವಿಷಯವಾಗಿ ಹತ್ತು ಮಂದಿಯನ್ನು ವಿಚಾರಿಸುತ್ತಾರೆ. ಮನೆಯಲ್ಲಿ ಹಾಕಿಸಬೇಕಾದ ಚಾರ್ಜರಿನ ವಿಷಯದಲ್ಲಿ ಮಾತ್ರ, ದೊಡ್ಡದಾದಷ್ಟೂ ಒಳ್ಳೆಯದೆಂದು ತಿಳಿದು ಸುಮ್ಮನಾಗುತ್ತಾರೆ. ಈ ತಿಳಿವಳಿಕೆ ಸರಿಯಲ್ಲ. ಹಣವೂ ಮನೆಯವರ ಕ್ಷೇಮವೂ ಈ ಆಯ್ಕೆಯನ್ನು ಅವಲಂಬಿಸಿರುವುದರಿಂದ ವಿಷಯವನ್ನು ಬುಡದಿಂದ ನೋಡೋಣ.

ಗೋಡೆಗೆ ಹಾಕುವ ಪೆಟ್ಟಿಗೆಯನ್ನು ನಾವು ಚಾರ್ಜರು ಎನ್ನುತ್ತೇವೆ. ನಿಜವಾದ ಚಾರ್ಜರು ಇರುವುದು ಕಾರಿನೊಳಗೆ. ಮನೆಗೆ ಬರುವುದು ಎ.ಸಿ. ವಿದ್ಯುತ್ತು, ಬ್ಯಾಟರಿಗೆ ಬೇಕಾದುದು ಡಿ.ಸಿ.; ಈ ಮಾರ್ಪಾಟನ್ನು ಕಾರಿನೊಳಗಿನ ಯಂತ್ರವೇ ಮಾಡುತ್ತದೆ. ಗೋಡೆಯ ಪೆಟ್ಟಿಗೆಯಾದರೋ ಎಲ್ಲವೂ ಸರಿಯಿದೆಯೆಂದು ನೋಡಿಕೊಂಡು ವಿದ್ಯುತ್ತನ್ನು ಬಿಡುವ ಕಾವಲುಗಾರನಿದ್ದಂತೆ. 2020ರಲ್ಲಿ ಬಂದ ಮೊದಲ ಟಾಟಾ ನೆಕ್ಸಾನ್ ಇ.ವಿ.ಯ ಒಳಗಿನ ಯಂತ್ರ 3.3 ಕಿಲೋವ್ಯಾಟಿನದು. ಅದಕ್ಕೆ 7.4 ಕಿಲೋವ್ಯಾಟಿನ ಪೆಟ್ಟಿಗೆಯನ್ನು ಜೋಡಿಸಿದರೂ ಒಳಕ್ಕೆ ಹೋಗುವುದು 3.3 ಮಾತ್ರ. ಆದುದರಿಂದ ಮೊದಲು ಕಾರಿನ ಕೈಪಿಡಿಯನ್ನು ತೆರೆದು ಈ ಸಂಖ್ಯೆಯನ್ನು ನೋಡಿಕೊಳ್ಳಬೇಕು.

ಎರಡನೆಯದು ನಮ್ಮ ಅಗತ್ಯ. ದಿನಕ್ಕೆ 40 ಕಿಲೋಮೀಟರು ಓಡಿಸುವ ಸಂಸಾರವೆನ್ನೋಣ. ಒಂದು ಯೂನಿಟ್ಟಿಗೆ ಸುಮಾರು 6 ಕಿಲೋಮೀಟರಿನಂತೆ, ನಷ್ಟವನ್ನೂ ಸೇರಿಸಿ, 8 ಯೂನಿಟ್ಟು ಸಾಕು. 3.3 ಕಿಲೋವ್ಯಾಟಿನಲ್ಲಿ ಇದು ಎರಡೂವರೆ ಗಂಟೆಯ ಕೆಲಸ, 7.4ರಲ್ಲಿ ಒಂದು ಗಂಟೆಗೆ ತುಸು ಹೆಚ್ಚು. ಕಾರು ರಾತ್ರಿಯೆಲ್ಲ ನಿಂತೇ ಇರುವಾಗ ಈ ಉಳಿತಾಯದಿಂದ ಪ್ರಯೋಜನವೇನು? ದಿನಕ್ಕೆ 150 ಕಿಲೋಮೀಟರು ಓಡಿಸುವವರ ಮಾತು ಬೇರೆ. ಅವರಿಗೆ ಚಿಕ್ಕದರಲ್ಲಿ ಸುಮಾರು 9 ಗಂಟೆ ಬೇಕಾಗುವುದರಿಂದ, ಕಾರು ತೆಗೆದುಕೊಳ್ಳುವಂತಿದ್ದರೆ ದೊಡ್ಡದು ಉಚಿತ.

ಮೂರನೆಯದು ಮನೆಯ ಶಕ್ತಿ. 230 ವೋಲ್ಟಿನಲ್ಲಿ 7.4 ಕಿಲೋವ್ಯಾಟೆಂದರೆ 32 ಆಂಪಿಯರು. 11 ಕಿಲೋವ್ಯಾಟಿಗೆ ಮೂರು ಫೇಸಿನ ಸಂಪರ್ಕವೇ ಬೇಕು. ವಿದ್ಯುತ್ ಬಿಲ್ಲಿನಲ್ಲಿ ಮಂಜೂರಾದ ಲೋಡು ಎಷ್ಟೆಂದು ಬರೆದಿರುತ್ತದೆ. ಅದು 5 ಕಿಲೋವ್ಯಾಟಾಗಿದ್ದರೆ ದೊಡ್ಡ ಪೆಟ್ಟಿಗೆಗೆ ಮುಂಚೆ ಲೋಡನ್ನು ಹೆಚ್ಚಿಸಿಕೊಳ್ಳಬೇಕು. ಮನೆಯ ಈಗಿನ ಸಂಪರ್ಕದಿಂದಲೇ ಕಾರಿಗೆ ವಿದ್ಯುತ್ತು ತುಂಬಿಕೊಳ್ಳಬಹುದೆಂದು ಕೇಂದ್ರ ವಿದ್ಯುತ್ ಸಚಿವಾಲಯ 2022ರ ಜನವರಿಯ ಮಾರ್ಗಸೂಚಿಯಲ್ಲಿ ಹೇಳಿದೆ. ಹಾಗೆಂದು ಮಂಜೂರಾದ ಲೋಡನ್ನು ಮೀರಬಹುದೆಂದು ಅರ್ಥವಲ್ಲ.

ಮುಂಬಯಿ, ಪುಣೆಗಳ ಸೊಸೈಟಿಗಳಲ್ಲಿ ಮೀಟರು ಒಂದು ಮೂಲೆಯಲ್ಲಿ, ಕಾರು ನಿಲ್ಲುವುದು ಇನ್ನೊಂದು ಮೂಲೆಯಲ್ಲಿ. ನಡುವೆ 60 ಮೀಟರು ದೂರವಿದೆಯೆನ್ನೋಣ. 6 ಚದರ ಮಿಲಿಮೀಟರಿನ ತಾಮ್ರದ ತಂತಿಯಲ್ಲಿ 32 ಆಂಪಿಯರು ಹರಿದರೆ ದಾರಿಯಲ್ಲೇ ಸುಮಾರು 12 ವೋಲ್ಟು ಕಳೆಯುತ್ತದೆ, ಅಷ್ಟೂ ಶಾಖವಾಗುತ್ತದೆ. ಇಲ್ಲಿ 10 ಚದರ ಮಿಲಿಮೀಟರಿನ ತಂತಿ ಮೇಲು. ಗೀಸರು ಕಾಲು ಗಂಟೆ ಉರಿದು ಆರುತ್ತದೆ. ಕಾರು ಗಂಟೆಗಟ್ಟಲೆ ಒಂದೇ ಸಮನೆ ಎಳೆಯುತ್ತದೆ. ಸಡಿಲವಾದ ಒಂದು ತಿರುಪು, ಸವೆದ ಒಂದು ಸಾಕೆಟ್ಟು ಬೆಂಕಿಗೆ ಕಾರಣವಾಗಲು ಇಷ್ಟು ಸಾಕು. ಆದುದರಿಂದ ಮಾಮೂಲಿ ಎಕ್ಸ್‌ಟೆನ್ಷನ್ ತಂತಿಯನ್ನು ಎಂದಿಗೂ ಬಳಸಕೂಡದು.

ಕೊನೆಯದಾಗಿ, ಉಳಿತಾಯಕ್ಕೆ ಅವಕಾಶವೇ ಇಲ್ಲದ ಎರಡು ಅಂಶಗಳು: ಸರಿಯಾದ ಅರ್ಥಿಂಗು, ಮತ್ತು ಕಾರಿಗೆಂದೇ ಬೇರೆಯಾದ 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಮನೆಗಳಲ್ಲಿರುವ ಎ.ಸಿ. ಬಗೆಯ ಆರ್.ಸಿ.ಸಿ.ಬಿ. ಡಿ.ಸಿ. ಸೋರಿಕೆಯನ್ನು ಗುರುತಿಸಲಾರದು, ಸೋರಿಕೆ ಹೆಚ್ಚಾದರೆ ಅದು ಮಂಕಾಗಿ, ಬೇಕಾದಾಗ ಬೀಳದೆಯೂ ಇರಬಹುದು. ಪೆಟ್ಟಿಗೆಯೊಳಗೇ ಡಿ.ಸಿ. ಸೋರಿಕೆಯನ್ನು ಪತ್ತೆಹಚ್ಚುವ ಏರ್ಪಾಡಿದ್ದರೆ ಎ ಬಗೆಯದು ಸಾಕು, ಇಲ್ಲದಿದ್ದರೆ ಬಿ ಬಗೆಯದು ಬೇಕು.

ಕಾರಿನ ಯಂತ್ರ, ದಿನದ ಓಟ, ಮಂಜೂರಾದ ಲೋಡು, ತಂತಿಯ ದೂರ, ಈ ನಾಲ್ಕನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಪರವಾನಗಿಯುಳ್ಳ ಎಲೆಕ್ಟ್ರಿಷಿಯನ್ನರಿಗೆ ತೋರಿಸಿರಿ. ಬಹುಮಂದಿಗೆ ಚಿಕ್ಕ ಪೆಟ್ಟಿಗೆಯೇ ಸಾಕಾಗುತ್ತದೆ. ಅದರಲ್ಲಿ ಉಳಿದ ಹಣವನ್ನು ಒಳ್ಳೆಯ ತಂತಿಗೂ ಅರ್ಥಿಂಗಿಗೂ ಹಾಕುವುದು ಜಾಣತನ.