ಅಗ್ಗದ ಆಟದ ಲೆಕ್ಕ: 8ನೇ ತರಗತಿಗೊಂದು ಗಣಿತ ಚಟುವಟಿಕೆ

ಉದ್ದೇಶ: ಬೆಲೆಗೂ ಒಟ್ಟು ವೆಚ್ಚಕ್ಕೂ ಇರುವ ವ್ಯತ್ಯಾಸವನ್ನು ವಿದ್ಯಾರ್ಥಿಗಳು ಲೆಕ್ಕ ಮಾಡಿ ಗುರುತಿಸುವರು.

ಮಾಹಿತಿ: 2021ರ ಫೆಬ್ರವರಿಯಲ್ಲಿ ಭಾರತಕ್ಕೆ ಬಂದಾಗ ಪ್ಲೇಸ್ಟೇಷನ್ 5ರ ಡಿಸ್ಕ್ ಮಾದರಿಯ ಬೆಲೆ ₹49,990. ಅದಕ್ಕೆ ಟಿವಿ ಬೇಕು. ಹಲವು ಆಟಗಳನ್ನು ಬೇರೆಯಾಗಿ ಕೊಳ್ಳಬೇಕು. ಮೊಬೈಲನ್ನು ಬೇರೆ ಕೆಲಸಗಳಿಗೆಂದೇ ಕೊಂಡಿರುತ್ತಾರೆ. ಲೂಡೋ ಕಿಂಗ್, ಬಿಜಿಎಂಐಗಳನ್ನು ಹಣ ಕೊಡದೆ ಇಳಿಸಿಕೊಳ್ಳಬಹುದು. ಆದರೆ ಆಟದೊಳಗೆ ಖರೀದಿಗಳಿವೆ.

ಚಟುವಟಿಕೆ: ಆಟದೊಳಗೆ ವಾರಕ್ಕೆ ₹100 ಖರ್ಚು ಮಾಡಿದರೆ ₹49,990 ದಾಟಲು ಎಷ್ಟು ವಾರ ಬೇಕು? 500 ವಾರ, ಅಂದರೆ ಒಂಬತ್ತೂವರೆ ವರ್ಷಕ್ಕೂ ಹೆಚ್ಚು. ₹250 ಆದರೆ? 200 ವಾರ, ನಾಲ್ಕು ವರ್ಷವೂ ಬೇಕಿಲ್ಲ. ಏನೂ ಕೊಳ್ಳದವರಿಗೆ ಮೊಬೈಲೇ ಅಗ್ಗ.

ಬೋಧಕರಿಗೆ: ಯಾರ ಮನೆಯಲ್ಲಿ ಎಂಥ ಫೋನಿದೆ ಎಂದು ಕೇಳಬಾರದು. ಫೋನಿಲ್ಲದ ಮಗು ತಲೆತಗ್ಗಿಸುತ್ತದೆ. ಊಹೆಯ ಮೊತ್ತಗಳೇ ಸಾಕು.

ಮೌಲ್ಯಮಾಪನ: ವಾರಕ್ಕೆ ₹50 ಆದರೆ ವರ್ಷದ ಖರ್ಚೆಷ್ಟು? ಆ ಹಣದಲ್ಲಿ ಮನೆಗೆ ಏನು ತರಬಹುದು?