ಲಾರಿಯ ಉಸಿರು: ಡೀಸೆಲ್ ಯಂತ್ರಕ್ಕೆ ಒಳ್ಳೆಯ ಗಾಳಿ ಫಿಲ್ಟರನ್ನು ಆರಿಸುವ ವಿಚಾರ

ಈ ಲೇಖನದ ಹೆಸರನ್ನು ಕಂಡು ವಾಚಕ ಮಿತ್ರರು ಹುಬ್ಬೇರಿಸಬಹುದು. ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುವ ಬಿ.ಎ. ವಿದ್ಯಾರ್ಥಿಗೆ ಲಾರಿಯ ಫಿಲ್ಟರಿನ ಗೊಡವೆ ಏಕೆಂದು ನಮ್ಮ ಗುರುಗಳೊಬ್ಬರು ಕೇಳಿಯೂ ಕೇಳಿದರು. ಉತ್ತರ ಸರಳವಾಗಿದೆ. ನನ್ನ ತಂದೆಯವರು ಸಂಡೂರು–ಹೊಸಪೇಟೆ ದಾರಿಯಲ್ಲಿ ಅದಿರು ಸಾಗಿಸುವ ಲಾರಿಯ ಚಾಲಕರು. ಕೆಲವು ವರ್ಷಗಳಿಂದ ಆ ಹಳೆಯ ಲಾರಿಯ ಒಡೆಯರೂ ಅವರೇ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ನನ್ನ ಶುಲ್ಕ, ಪುಸ್ತಕ, ಬಸ್ಸಿನ ಪಾಸು ಎಲ್ಲವನ್ನೂ ಆ ಲಾರಿಯೇ ಎಳೆದು ತಂದಿತು. ನಾನು ಎರಡನೆಯ ವರ್ಷದಲ್ಲಿದ್ದಾಗ ಅದರ ಯಂತ್ರ ಕೆಟ್ಟಿತು. ಕೆಡಿಸಿದವರಲ್ಲಿ ನಾನೂ ಒಬ್ಬನೆಂದು ತಿಳಿದದ್ದು ಆಮೇಲೆ.

ಮೊದಲು ಯಂತ್ರದ ಉಸಿರಾಟವನ್ನು ನೋಡೋಣ. ಡೀಸೆಲ್ ತಾನಾಗಿ ಉರಿಯದು. ಅದಕ್ಕೆ ಗಾಳಿ ಬೇಕು. ಒಂದು ಲೀಟರ್ ಡೀಸೆಲ್ ಪೂರ್ತಿಯಾಗಿ ಉರಿಯಲು ಕಡಿಮೆಯೆಂದರೂ 12 ಕಿಲೋ, ಎಂದರೆ ಸುಮಾರು 10 ಸಾವಿರ ಲೀಟರ್ ಗಾಳಿ ಬೇಕಾಗುತ್ತದೆ. ಇದನ್ನೇ ಇನ್ನೊಂದು ಬಗೆಯಲ್ಲಿ ಲೆಕ್ಕ ಹಾಕಬಹುದು. 5.7 ಲೀಟರಿನ ಆರು ಸಿಲಿಂಡರಿನ ಯಂತ್ರವೊಂದು ನಿಮಿಷಕ್ಕೆ 2000 ಸುತ್ತು ತಿರುಗುತ್ತದೆ ಎನ್ನಿ. ಎರಡು ಸುತ್ತಿಗೊಮ್ಮೆ ಪ್ರತಿ ಸಿಲಿಂಡರೂ ಒಂದು ಉಸಿರು ಎಳೆಯುವುದರಿಂದ, ನಿಮಿಷಕ್ಕೆ ಹೆಚ್ಚುಕಡಿಮೆ 5700 ಲೀಟರ್ ಗಾಳಿ ಒಳಹೋಗುತ್ತದೆ. ಟರ್ಬೊ ಇದ್ದರೆ ಇನ್ನೂ ಹೆಚ್ಚು. ಸುಮ್ಮನೆ ಕುಳಿತ ಮನುಷ್ಯ ಉಸಿರಾಡುವುದು ನಿಮಿಷಕ್ಕೆ 6ರಿಂದ 8 ಲೀಟರ್ ಮಾತ್ರ. ಆದ್ದರಿಂದ ನಮ್ಮ ಕಾಲೇಜಿನ ವಿದ್ಯಾರ್ಥಿಗಳೂ ಉಪನ್ಯಾಸಕರೂ ಒಟ್ಟಾಗಿ ಸೇರಿ ಎಳೆದಷ್ಟು ಉಸಿರನ್ನು ಈ ಒಂದು ಲಾರಿ ಎಳೆಯುತ್ತದೆಂದರೆ ಅತಿಶಯೋಕ್ತಿಯಾಗದು.

ಆ ಗಾಳಿಯಾದರೋ ಎಂಥದು? ಅದಿರಿನ ದಾರಿಯನ್ನು ಕಂಡವರಿಗೆ ಹೇಳಬೇಕಾಗಿಲ್ಲ. ಅಲ್ಲಿ ಬೇವಿನ ಎಲೆಯೂ ಕೆಂಪು, ಮೈಲಿಗಲ್ಲೂ ಕೆಂಪು. ಈ ಧೂಳಿನಲ್ಲಿ ಹೆಮಟೈಟ್ ಇದೆ, ಬೆಣಚುಕಲ್ಲಿನ ಪುಡಿಯೂ ಇದೆ. ಮೋಹ್ಸ್ ಎಂಬ ವಿದ್ವಾಂಸನ ಕಾಠಿಣ್ಯಮಾನದಲ್ಲಿ ಬೆಣಚುಕಲ್ಲಿನ ಸ್ಥಾನ 7, ಹೆಮಟೈಟಿನದು ಸುಮಾರು 6. ಚಾಕುವಿನ ಉಕ್ಕು ಕೂಡ ಐದೂವರೆಯ ಆಚೆ ಈಚೆ. ಕಣ್ಣಿಗೆ ಕಾಣುವ ದಪ್ಪ ಧೂಳಿಗಿಂತ ಕಾಣದ ಧೂಳೇ ಹೆಚ್ಚು ಹಾನಿಕರ. ಮನುಷ್ಯನ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪವಿದ್ದರೆ, 5ರಿಂದ 20 ಮೈಕ್ರಾನಿನ ಕಣಗಳು ಪಿಸ್ಟನ್ನಿನ ಉಂಗುರಕ್ಕೂ ಸಿಲಿಂಡರಿನ ಗೋಡೆಗೂ ನಡುವಣ ಎಣ್ಣೆಯ ತೆಳು ಪೊರೆಯಲ್ಲಿ ಸೇರಿಕೊಂಡು ಉಪ್ಪುಕಾಗದದಂತೆ ಉಜ್ಜುತ್ತವೆ. ಆಗ ಯಂತ್ರ ಎಣ್ಣೆ ಕುಡಿಯುತ್ತದೆ, ನೀಲಿ ಹೊಗೆ ಬಿಡುತ್ತದೆ, ಏರು ಬಂದರೆ ಏದುತ್ತದೆ.

ನಮ್ಮ ಲಾರಿಗೂ ಆದದ್ದು ಇದೇ. ದುರಸ್ತಿಯ ಬಿಲ್ಲು ಒಂದು ಲಕ್ಷದ ನಲವತ್ತು ಸಾವಿರ. ಆ ಸೆಮಿಸ್ಟರಿನ ಶುಲ್ಕವನ್ನು ನಾನು ದಂಡದೊಡನೆ ಕಟ್ಟಿದೆ. ರಜೆಯಲ್ಲಿ ಅದೇ ಗ್ಯಾರೇಜಿನಲ್ಲಿ ಕೈಯಾಳಾಗಿ ದುಡಿದೆ. ಅಲ್ಲಿಯ ಹಿರಿಯ ಮೇಸ್ತ್ರಿಯವರು ನಮ್ಮ ಹಳೆಯ ಫಿಲ್ಟರನ್ನು ಕೈಗೆ ಕೊಟ್ಟು, ಒಳಗೆ ಬಲ್ಬು ಹಿಡಿದು ನೋಡು ಎಂದರು. ಕಾಗದದ ಮಡಿಕೆಯಲ್ಲಿ ಮೂರು ಕಡೆ ಬೆಳಕಿನ ಚುಕ್ಕೆ! ನಾನು ಹೈಸ್ಕೂಲಿನಲ್ಲಿದ್ದಾಗಿನಿಂದ ಪ್ರತಿ ಭಾನುವಾರ ಆ ಫಿಲ್ಟರನ್ನು ಟೈರಿಗೆ ಬಡಿದು ಬಡಿದು ಧೂಳು ಕೊಡವುತ್ತಿದ್ದವನು ನಾನೇ. ತಂದೆಗೆ ನೆರವಾಗುತ್ತಿದ್ದೇನೆಂಬ ಹೆಮ್ಮೆ ಬೇರೆ.

ಇಲ್ಲಿ ಒಂದು ಸೂಕ್ಷ್ಮವಿದೆ. ನಮ್ಮ ತಾಯಂದಿರು ಜೋಳದ ಹಿಟ್ಟು ಜರಡಿ ಹಿಡಿಯುವಂತೆ ಫಿಲ್ಟರು ಧೂಳನ್ನು ತಡೆಯುತ್ತದೆಂದು ನಾವು ಬಗೆದಿದ್ದೇವೆ. ಹಾಗಲ್ಲ. ಕಾಗದದ ರಂಧ್ರಗಳಿಗಿಂತ ಚಿಕ್ಕ ಕಣಗಳೂ ಅದರ ನಾರುಗಳಿಗೆ ಬಡಿದು ಅಲ್ಲೇ ಅಂಟಿಕೊಳ್ಳುತ್ತವೆ. ಹಾಗೆ ಕೂತ ಧೂಳೇ ಒಂದು ಪದರವಾಗಿ ಮುಂದೆ ಬರುವ ಧೂಳನ್ನು ಹಿಡಿಯುತ್ತದೆ. ಎಂದರೆ ತುಸು ಮಾಸಿದ ಫಿಲ್ಟರು ಹೊಚ್ಚ ಹೊಸದಕ್ಕಿಂತ ಚೆನ್ನಾಗಿ ಶೋಧಿಸುತ್ತದೆ. ವಾರಕ್ಕೊಮ್ಮೆ ಬಿಚ್ಚಿ ಕೊಡವುವವನು ಆ ಪದರವನ್ನೂ ಕಳೆದು, ಮಡಿಕೆಯನ್ನೂ ಹರಿದು, ಬಿಚ್ಚಿದಾಗಲೆಲ್ಲ ಒಂದಿಷ್ಟು ಧೂಳನ್ನು ಕೊಳವೆಯೊಳಗೆ ಬೀಳಿಸುತ್ತಾನೆ.

ಇನ್ನು ಆಯ್ಕೆಯ ಮಾತು. ಹಳೆಯ ಲಾರಿಗಳಲ್ಲಿ ಎಣ್ಣೆಬಟ್ಟಲಿನ ಫಿಲ್ಟರು ಇರುತ್ತಿತ್ತು. ಗಾಳಿ ಎಣ್ಣೆಯ ಮೇಲೆ ತಿರುಗುವಾಗ ಧೂಳು ಅದರಲ್ಲಿ ಬೀಳುತ್ತದೆ. ತೊಳೆದು ಮತ್ತೆ ಬಳಸಬಹುದು, ಆದರೆ ಯಂತ್ರ ನಿಧಾನವಾಗಿ ತಿರುಗುವಾಗ ಅದರ ಹಿಡಿತ ಸಡಿಲ. ಎಣ್ಣೆ ಸವರಿದ ಹತ್ತಿಬಟ್ಟೆಯ ಫಿಲ್ಟರನ್ನು “ಹೆಚ್ಚು ಗಾಳಿ, ಹೆಚ್ಚು ಶಕ್ತಿ” ಎಂದು ಮಾರುವವರುಂಟು. ಪಂದ್ಯದ ಕಾರಿಗೆ ಅದು ಸೊಗಸೇ ಇರಬಹುದು. ಡೀಸೆಲ್ ಯಂತ್ರವಾದರೋ ಮೊದಲೇ ಅಗತ್ಯಕ್ಕಿಂತ ಹೆಚ್ಚು ಗಾಳಿ ಎಳೆಯುತ್ತದೆ. ಅದಿರು ಹೊರುವ ನಮ್ಮ ಲಾರಿಗೆ ಆ ಹೆಚ್ಚಿನ ಗಾಳಿಯಿಂದ ಬರುವ ಲಾಭ ಅತ್ಯಲ್ಪ, ಅದರೊಡನೆ ನುಸುಳುವ ಧೂಳು ಮಾತ್ರ ನಿಜ. ನಮಗೆ ತಕ್ಕದ್ದು ಒಣ ಕಾಗದದ ಫಿಲ್ಟರು. ಕೈಗೆಟುಕಿದರೆ ಮೇಲೆ ಕೃತಕ ನಾರಿನ ಪೊರೆ ಇರುವುದು ಇನ್ನೂ ಮೇಲು.

ಡಬ್ಬಿಯ ಮೇಲೆ ನೂರಕ್ಕೆ 99 ಎಂದೂ 99.9 ಎಂದೂ ಬರೆದಿದ್ದರೆ, ಮುಕ್ಕಾಲುಪಾಲು ಜನ ಎರಡೂ ಒಂದೇ ಎನ್ನುವರು. ಪರೀಕ್ಷೆಯ ಅಂಕಗಳಾದರೆ ನಿಜ. ಆದರೆ ಯಂತ್ರಕ್ಕೆ ಬೇಕಾದ ಲೆಕ್ಕ ಹಿಡಿದದ್ದರದಲ್ಲ, ಬಿಟ್ಟದ್ದರದು. 100 ಗ್ರಾಂ ಧೂಳಿನಲ್ಲಿ ಮೊದಲನೆಯದು ಒಂದು ಗ್ರಾಂ ಒಳಬಿಟ್ಟರೆ ಎರಡನೆಯದು ಬಿಡುವುದು ಹತ್ತನೆಯ ಒಂದು ಗ್ರಾಂ. ಹತ್ತು ಪಟ್ಟು ವ್ಯತ್ಯಾಸ! ಆ ಅಂಕಿ ಐಎಸ್ಒ 5011 ಎಂಬ ಪರೀಕ್ಷೆಯಿಂದ ಬಂದದ್ದೇ ಎಂದು ಕೇಳುವುದು ಒಳ್ಳೆಯದು. ನಮ್ಮ ಪೇಟೆಯಲ್ಲಿ ನಾನು ಕೇಳಿದಾಗ ಅಂಗಡಿಯವರು ನಕ್ಕರು, ಇರಲಿ.

ಅಂಕಿಗಿಂತ ಮುಖ್ಯವಾದದ್ದು ಅಂಚಿನ ರಬ್ಬರು. ಎಷ್ಟೇ ಒಳ್ಳೆಯ ಕಾಗದವಿರಲಿ, ಡಬ್ಬಿಯ ತಳದಲ್ಲಿ ಅಂಚು ಸರಿಯಾಗಿ ಕೂಡದಿದ್ದರೆ ಗಾಳಿ ಕಾಗದವನ್ನು ಬಿಟ್ಟು ಸಂದಿಯಿಂದಲೇ ನುಗ್ಗುತ್ತದೆ. ಅಗ್ಗದ ಫಿಲ್ಟರು ಸೋಲುವುದು ಹೆಚ್ಚಾಗಿ ಇಲ್ಲಿಯೇ. ಬೆರಳಿನಿಂದ ಒತ್ತಿ ನೋಡಿ. ಒತ್ತಿದ ರಬ್ಬರು ಮತ್ತೆ ಮೇಲೆದ್ದು ಬರಬೇಕು. ಫಿಲ್ಟರಿನಿಂದ ಟರ್ಬೊವರೆಗಿನ ಕೊಳವೆಯ ಬಿರುಕುಗಳನ್ನೂ, ಪಟ್ಟಿಗಳ ಬಿಗಿಯನ್ನೂ ನೋಡಬೇಕು. ಒಳಗಿನ ಚಿಕ್ಕ ಫಿಲ್ಟರನ್ನು ಶುಚಿ ಮಾಡುವ ಗೋಜಿಗೇ ಹೋಗದೆ, ಅವಧಿಗೆ ಸರಿಯಾಗಿ ಬದಲಿಸಬೇಕು.

ಹಾಗಾದರೆ ಹೊರಗಿನದನ್ನು ಬದಲಿಸುವುದು ಯಾವಾಗ? ಕೊಳವೆಯ ಮೇಲೆ ಹೆಬ್ಬೆರಳಿನಷ್ಟು ದೊಡ್ಡ ಸೂಚಕವೊಂದಿರುತ್ತದೆ. ಉಸಿರು ಕಟ್ಟುವಷ್ಟು ಧೂಳು ತುಂಬಿದಾಗ ಅದರ ಗಾಜಿನಲ್ಲಿ ಕೆಂಪು ಪಟ್ಟಿ ಮೂಡುತ್ತದೆ. ನಮ್ಮ ಲಾರಿಯ ಸೂಚಕ ಒಡೆದು ಎಷ್ಟು ವರ್ಷವಾಗಿತ್ತೋ ತಿಳಿಯದು. ಈಗ ಹೊಸದು ಹಾಕಿಸಿದ್ದೇವೆ.

ತಂದೆಯವರಿಗೆ ಇದೆಲ್ಲ ಇನ್ನೂ ಪೂರ್ತಿ ಒಪ್ಪಿಗೆಯಾಗಿಲ್ಲ. ಮೊನ್ನೆಯ ಭಾನುವಾರವೂ ಪಾನಾ ಹಿಡಿದು ಫಿಲ್ಟರಿನ ಡಬ್ಬಿಯ ಬಳಿಗೆ ಹೋದರು. ಗಾಜಿನ ಧೂಳನ್ನು ಹೆಗಲ ಮೇಲಿನ ಟವೆಲಿನಿಂದ ಒರೆಸಿ ಬಗ್ಗಿ ನೋಡಿದರು, ಕೆಂಪು ಬಂದಿರಲಿಲ್ಲ. ಪಾನಾವನ್ನು ಮತ್ತೆ ಪೆಟ್ಟಿಗೆಗೆ ಹಾಕಿ, ಟೈರಿನ ಗಾಳಿ ನೋಡಲು ಹೋದರು.