ಲೈಬ್ರರಿ ಇದ್ದರೂ ‘ಇಲ್ಲ’ ಎನ್ನುವ ಕಾನ್ಫಿಗರ್

ಉಬುಂಟುವನ್ನು ಮತ್ತೆ ಇನ್‌ಸ್ಟಾಲ್ ಮಾಡುವ ಯೋಚನೆ ಬಿಡಿ, ಅಷ್ಟು ದೂರ ಹೋಗುವ ಕಾಯಿಲೆಯಲ್ಲ ಇದು. ಟರ್ಮಿನಲ್‌ನಲ್ಲಿ ಓಪನ್‌ಎಸ್‌ಎಸ್‌ಎಲ್ ಓಡುತ್ತದೆ, ಕರ್ಲ್‌ನ ಕಾನ್ಫಿಗರ್ ಮಾತ್ರ ಅದು ಸಿಗುತ್ತಿಲ್ಲ ಅನ್ನುತ್ತದೆ ಎಂದು ಬರೆದಿದ್ದೀರಿ. ಎರಡೂ ನಿಜ. ಪ್ರೋಗ್ರಾಂ ಓಡಿಸಲು ಬೇಕಾದ ಫೈಲುಗಳೇ ಬೇರೆ, ಕಂಪೈಲ್ ಮಾಡಲು ಬೇಕಾದ ಹೆಡರ್ ಮತ್ತು ಲಿಂಕ್ ಫೈಲುಗಳೇ ಬೇರೆ. ಉಬುಂಟುವಿನಲ್ಲಿ ಇವು ಹೆಸರಿನ ಕೊನೆಗೆ ‘ಡೆವ್’ ಎಂದಿರುವ ಪ್ಯಾಕೇಜಿನಲ್ಲಿ ಬರುತ್ತವೆ, ಫೆಡೋರಾದಲ್ಲಿ ‘ಡೆವೆಲ್’. ನಿಮಗೆ ಬೇಕಿರುವುದು ಲಿಬ್‌ಎಸ್‌ಎಸ್‌ಎಲ್-ಡೆವ್. ಹಾಕಿಕೊಂಡು ಕಾನ್ಫಿಗರ್ ಮತ್ತೆ ಓಡಿಸಿ.

ಆಗಲೂ ನಿಂತರೆ ಅದೇ ಫೋಲ್ಡರಿನ ಕಾನ್ಫಿಗ್.ಲಾಗ್ ತೆರೆಯಿರಿ. ಬಹಳ ಮಂದಿ ನೇರ ಕೊನೆಗೆ ಹೋಗಿ ಗಾಬರಿಯಾಗುತ್ತಾರೆ. ಅಲ್ಲಿರುವುದು ವೇರಿಯಬಲ್‌ಗಳ ರಾಶಿ, ಓದಬೇಕಿಲ್ಲ. ಅದನ್ನು ದಾಟಿ ಮೇಲಕ್ಕೆ ಹೋಗುತ್ತಾ ‘ಎರರ್’ ಹುಡುಕಿ. ‘ಕ್ಯಾನಾಟ್ ಫೈಂಡ್ -ಎಲ್‌ಕ್ರಿಪ್ಟೋ’ ಎಂಬಂಥ ಸಾಲು ಕಂಡರೆ ಲಿಂಕರ್‌ಗೆ ಲೈಬ್ರರಿ ಸಿಕ್ಕಿಲ್ಲ. ಹೆಡರ್ ಹೆಸರಿನ ಮುಂದೆ ‘ನೋ ಸಚ್ ಫೈಲ್’ ಎಂದಿದ್ದರೆ ಹೆಡರ್ ಸಿಕ್ಕಿಲ್ಲ. ಓಪನ್‌ಎಸ್‌ಎಸ್‌ಎಲ್ ಅನ್ನು ನೀವೇ ಬೇರೆ ಜಾಗದಲ್ಲಿ ಬಿಲ್ಡ್ ಮಾಡಿಕೊಂಡಿದ್ದರೆ, ಅದರ ‘.ಪಿಸಿ’ ಫೈಲಿರುವ ಫೋಲ್ಡರನ್ನು ಪಿಕೆಜಿ_ಕಾನ್ಫಿಗ್_ಪಾತ್‌ಗೆ ಸೇರಿಸಿ.

ಅಂದಹಾಗೆ, ‘ವಿದೌಟ್-ಎಸ್‌ಎಸ್‌ಎಲ್’ ಕೊಟ್ಟು ದಾಟಿಬಿಡು ಎಂದ ಗೆಳೆಯರ ಮಾತು ಕೇಳಬೇಡಿ. ಕಾನ್ಫಿಗರ್ ಸುಮ್ಮನಾಗುತ್ತದೆ ನಿಜ, ಆದರೆ ಆ ಕರ್ಲ್ ಎಚ್‌ಟಿಟಿಪಿಎಸ್ ವಿಳಾಸ ಒಂದನ್ನೂ ತೆರೆಯುವುದಿಲ್ಲ.